ಗಿಡ್ಡ ಕಾಲಿನ ನಕ್ಷತ್ರ

ಡಿಸೆಂಬರ್ ಬಂತೆಂದರೆ ಭದ್ರಾವತಿಯ ನ್ಯೂಟೌನಿನಲ್ಲಿ ಜ್ಞಾನಶೇಖರ್ ಜಗಲಿಯ ಮೇಲೆ ಕಾಗದದ ಕ್ರಿಸ್ಮಸ್ ನಕ್ಷತ್ರಕ್ಕೆಂದು ಬಿದಿರು ಸೀಳುತ್ತಾ ಕೂರುತ್ತಾರೆ. ಅವರಿಗೀಗ ಅರವತ್ತೇಳು. ಪ್ರತಿ ಸೀಳನ್ನೂ ಬೆರಳಿನ ಮೇಲಿಟ್ಟು ತೂಗಿ ನೋಡುತ್ತಾರೆ. ಐದು ಕಾಲೂ ಸಮವಾಗಿರದಿದ್ದರೆ ನಕ್ಷತ್ರ ಗಾಳಿಗೆ ತಿರುಗಿ ಬೆನ್ನು ತೋರಿಸುತ್ತದೆ.

ಅವರ ಚರ್ಚಿನ ಸಭೆಯಲ್ಲಿ ಹಳೆಯ ಪದ್ಧತಿಯೊಂದಿದೆ. ಬಾಗಿಲಲ್ಲಿ ನಕ್ಷತ್ರ ತೂಗಿದ ಮನೆಯ ಮುಂದೆ ಮಾತ್ರ ಕ್ರಿಸ್ಮಸ್ ಹಾಡಿನ ತಂಡ ನಿಲ್ಲುತ್ತದೆ. ನಕ್ಷತ್ರವಿಲ್ಲದಿದ್ದರೆ ಅದು ಸಾವಿನ ಮನೆ, ಇಲ್ಲವೇ ಮುನಿಸಿನ ಮನೆ. ತಂಡ ಡೋಲು ನಿಲ್ಲಿಸಿ ದಾಟಿ ಹೋಗುತ್ತದೆ. ಕದ ತಟ್ಟುವಂತಿಲ್ಲ.

ಕಾಗದದ ಕಾರ್ಖಾನೆಯ ಸೈರನ್ನಿಗೆ ಊರು ಏಳುತ್ತಿದ್ದ ಕಾಲದಲ್ಲಿ ಕ್ವಾರ್ಟರ್ಸಿನ ಸಾಲುಗಳಲ್ಲಿ ಮನೆಮನೆಗೂ ನಕ್ಷತ್ರವಿತ್ತು. ಒಂದೇ ಹಾಡನ್ನು ತಮಿಳು, ತೆಲುಗು, ಕನ್ನಡದಲ್ಲಿ ಹಾಡುತ್ತಿದ್ದರು. ಹಾಡು ಮುಗಿದರೆ ತಟ್ಟೆಯಲ್ಲಿ ಆಗಷ್ಟೇ ಕರಿದ, ಹೂವಿನಾಕಾರದ ರೋಸ್ ಕುಕ್ಕಿ. ಡೋಲು ಜ್ಞಾನಶೇಖರರದು. ಕುಡಿತವೂ ಅವರದೇ. ಒಂದು ವರ್ಷ ಕ್ರಿಸ್ಮಸ್ ತಾತನ ವೇಷದಲ್ಲೇ ಯಾರದೋ ಕೋಳಿಗೂಡಿಗೆ ಒರಗಿ ಮಲಗಿಬಿಟ್ಟರು. ತಂಡ ತಾತನನ್ನು ಹುಡುಕುತ್ತಾ ಬೀದಿ ಸುತ್ತಿತು. ಎಲ್ಲರೂ ನಕ್ಕರು, ಹೆಂಡತಿ ಸುಗಂಧಿ ನಗಲಿಲ್ಲ. ಮರುವರ್ಷ ಆಕೆಯ ಹೊಲಿಗೆ ಯಂತ್ರವನ್ನೇ ಮಾರಿ ಕುಡಿದರು. ಸುಗಂಧಿ ಶಿವಮೊಗ್ಗದ ರವೀಂದ್ರನಗರಕ್ಕೆ ಹೋಗಿ, ಬಾಡಿಗೆ ಕೋಣೆಯಲ್ಲಿ ಒಬ್ಬರೇ ಉಳಿದರು.

ಕುಡಿತ ಬಿಟ್ಟದ್ದು ಹೇಗೆ ಎಂದರೆ ಜ್ಞಾನಶೇಖರ್ ಪ್ರಶ್ನೆಯನ್ನೇ ತಿದ್ದುತ್ತಾರೆ. "ನಾನು ಬಿಟ್ಟಿದ್ದಲ್ಲ. ಏಳು ಸಲ ಬಿಡೋಕ್ಹೋಗಿ ಏಳು ಸಲವೂ ಬಿದ್ದೋನು ನಾನು. ಚರ್ಚಿನ ಹಿಂದಿನ ಬೆಂಚಲ್ಲಿ ಕೂತು, 'ತಂದೆ, ನನ್ನ ಕೈಲಾಗಲ್ಲ, ನೀನೇ ನೋಡ್ಕೋ' ಅಂದೆ. ಅವತ್ತಿಂದ ನೋಡ್ಕೋತಿದಾನೆ."

ಕುಡಿತ ನಿಂತ ವರ್ಷದ ಡಿಸೆಂಬರಿನಲ್ಲಿ ನಡುಗುವ ಕೈಯಲ್ಲೇ ಒಂದು ನಕ್ಷತ್ರ ಕಟ್ಟಿದರು. ಒಂದು ಕಾಲು ಎರಡು ಬೆರಳು ಗಿಡ್ಡವಾಯಿತು. ಬಸ್ಸು ಹತ್ತಿ ರವೀಂದ್ರನಗರಕ್ಕೆ ಹೋಗಿ, ಅದನ್ನು ಸುಗಂಧಿಯ ಪಕ್ಕದ ಮನೆಯ ಕಲ್ಲಮ್ಮನ ಕೈಗೆ ಕೊಟ್ಟರು.

"ಹೆಂಡ್ತಿ ಮನೆ ಪಕ್ಕದಲ್ಲೇ ಇದೆಯಲ್ರೀ ಮಾರಾಯ್ರೆ. ನಾನೇನು ಪೋಸ್ಟಾಫೀಸಾ?"

"ನಕ್ಷತ್ರ ಇಲ್ದೆ ಬಾಗಿಲು ತಟ್ಟೋ ಹಾಗಿಲ್ಲ ಕಣಮ್ಮ."

"ಇದ್ಯಾಕೆ ಕುಂಟ್ತಾ ಇದೆ?"

"ಕಟ್ಟಿದೋನು ಕುಂಟ್ತಾ ಇದೀನಲ್ಲ."

ಹತ್ತು ವರ್ಷ ಹೀಗೆಯೇ ನಡೆಯಿತು, ವರ್ಷಕ್ಕೊಂದು ಹೊಸ ನಕ್ಷತ್ರ ಕಲ್ಲಮ್ಮನ ಕೈಗೆ. ಕಾರ್ಖಾನೆ ನಿಂತ ಮೇಲೆ ಸಭೆಯ ಹಲವರು ಶಿವಮೊಗ್ಗ ಸೇರಿದ್ದರಿಂದ ತಂಡದ ವ್ಯಾನು ಅಲ್ಲಿಗೂ ಹೋಗತೊಡಗಿತು. ಪ್ರತಿ ವರ್ಷ ಸುಗಂಧಿಯ ಬಾಗಿಲು ಬರಿದು. ಜ್ಞಾನಶೇಖರ್ ಡೋಲಿನ ಮೇಲೆ ಅಂಗೈ ಊರಿ, ಸದ್ದಿಲ್ಲದೆ ದಾಟುತ್ತಿದ್ದರು.

ಕಳೆದ ಡಿಸೆಂಬರ್ ಇಪ್ಪತ್ತರ ಸಂಜೆ ವ್ಯಾನು ಆ ಬೀದಿಗೆ ತಿರುಗಿದಾಗ ಕಲ್ಲಮ್ಮ ಗೇಟಿನಲ್ಲೇ ನಿಂತಿದ್ದರು. "ಬನ್ರೀ ಬೇಗ, ಕಾದು ಕಾದು ನನ್ನ ಸೊಂಟ ಹೋಯ್ತು!"

ಸುಗಂಧಿಯ ಬಾಗಿಲಲ್ಲಿ ನಕ್ಷತ್ರ ಬೆಳಗುತ್ತಿತ್ತು. ಅದು ಆ ವರ್ಷ ಕೊಟ್ಟದ್ದಲ್ಲ. ಕಾಗದ ಹಳದಿಯಾಗಿತ್ತು, ಒಂದು ಕಾಲು ಗಿಡ್ಡ. ಗಾಳಿಗೆ ತಿರುಗಿ ಬೆನ್ನು ಹಾಕಿತ್ತು.

ತಂಡ ಡೋಲಿಗಾಗಿ ಕಾಯಿತು. ಡೋಲು ಏಳಲಿಲ್ಲ. ಕೊನೆಗೆ ಹೆಂಗಸರೇ ಹಾಡು ಎತ್ತಿಕೊಂಡರು. ಎರಡನೇ ಚರಣಕ್ಕೆ ಸುಗಂಧಿ ಹೊರಬಂದರು. ಹಾಡು ಮುಗಿಯಿತು.

"ಈ ವರ್ಷ ಕೊಟ್ಟಿದ್ದು ಚೆನ್ನಾಗಿತ್ತಲ್ಲ," ಎಂದರು ಜ್ಞಾನಶೇಖರ್.

"ಹತ್ತೂ ಇಟ್ಟಿದೀನಿ. ವರ್ಷವರ್ಷ ಒಂದರ ಪಕ್ಕ ಒಂದಿಟ್ಟು ನೋಡ್ತಿದ್ದೆ, ಕೈ ನಡುಗೋದು ನಿಂತಿದೆಯಾ ಅಂತ."

"ಮತ್ತೆ ಈ ಹಳೇದನ್ಯಾಕೆ ತೂಗುಹಾಕಿದೆ?"

"ಮಿಕ್ಕಿದ್ದೆಲ್ಲ ನಿಮ್ಮ ಕೈಕೆಲಸ. ದೇವರು ಕೈ ಹಚ್ಚಿದ್ದು ಇದರಲ್ಲಿ."

ಜ್ಞಾನಶೇಖರ್ ನಕ್ಷತ್ರವನ್ನು ಮುಂದಕ್ಕೆ ತಿರುಗಿಸಿದರು. ಅದು ಮತ್ತೆ ಬೆನ್ನು ಹಾಕಿತು. "ಕೊಡು, ಕಾಲು ಸರಿ ಮಾಡ್ಕೊಡ್ತೀನಿ."

"ಬೀದೀಲಿ ನಿಂತ್ಕೊಂಡಾ?" ಸುಗಂಧಿ ಬಾಗಿಲಿನಿಂದ ಪಕ್ಕಕ್ಕೆ ಸರಿದರು. "ಒಳಗೆ ಕೂತು ಮಾಡಿ."