ಗೆರೆಯ ಬಲಗಡೆ

ಪಿಂಟೋ ಸರ್ ಇತಿಹಾಸದ ಪಾಠ ಶುರುವಾಗುತ್ತಿದ್ದದ್ದೇ ಒಂದು ಗೆರೆಯಿಂದ. ದುಬೈಯ ಅಲ್ ಕುಸೈಸ್‌ನ ಫ್ಲ್ಯಾಟಿನಲ್ಲಿ, ಊಟದ ಮೇಜಿನ ಪಕ್ಕದ ಬೋರ್ಡಿಗೆ ಮೇಲಿಂದ ಕೆಳಗೆ ಗೆರೆ ಎಳೆದು ಎಡಗಡೆ ‘ಕೊಟ್ಟದ್ದು’, ಬಲಗಡೆ ‘ಇಟ್ಟುಕೊಂಡದ್ದು’ ಎಂದು ಬರೆಯುತ್ತಿದ್ದರು. ಬ್ರಿಟಿಷರ ಒಂದೊಂದು ಸುಧಾರಣೆಯೂ ಆ ಗೆರೆಯ ಮುಂದೆ ಹಾಜರಾಗಬೇಕು. 1919ರ ಕಾಯ್ದೆಯೆಂದರೆ ಎಡಗಡೆ ಭಾರತೀಯ ಮಂತ್ರಿಗಳಿಗೆ ಬಿಟ್ಟ ಶಿಕ್ಷಣ, ಆರೋಗ್ಯ. ಬಲಗಡೆ ಪೊಲೀಸು, ಖಜಾನೆ.

“ಎಂತ ಕೊಟ್ರು ಅಂತ ಮಾತ್ರ ನೋಡ್ಬೇಡಿ. ಯಾವಾಗ ಕೊಟ್ರು ನೋಡಿ. ಗಲಾಟೆ ಜಾಸ್ತಿ ಆದಾಗ,” ಎನ್ನುತ್ತಿದ್ದರು. ನನ್ನ ಮಗಳು ಮೇಘಾ ಅವರ ಶಿಷ್ಯೆ.

ನಾನು ಇಲ್ಲಿನ ಕನ್ನಡ ಸಂಘವೊಂದರ ಕಾರ್ಯದರ್ಶಿ. ಹೋದ ವರ್ಷದ ರಾಜ್ಯೋತ್ಸವದಲ್ಲಿ ಶಾಲು, ಹಾರ, ಭಾಷಣಗಳು ಮುಗಿಯದೆ ಮೇಘಾ ಮತ್ತು ಗೆಳೆಯರ ನಾಟಕವನ್ನೇ ಕೈಬಿಟ್ಟೆವು. ಮೂರು ತಿಂಗಳ ಅಭ್ಯಾಸ ಮಣ್ಣುಪಾಲು. ಕಾರ್ಯಕ್ರಮದ ಪಟ್ಟಿ ಮಾಡುವಾಗ ನಾವೂ ಇರಬೇಕು, ಇಲ್ಲದಿದ್ದರೆ ಬರುವುದೇ ಇಲ್ಲ ಎಂದು ಹುಡುಗರು ಪಟ್ಟು ಹಿಡಿದರು. ಹೊಸ ನಿಯಮ ಬರೆದುಕೊಡಿ ಎಂದು ಪಿಂಟೋ ಸರ್ ಬಳಿ ಹೋದೆ.

“ಮಕ್ಳಿಗೆ ಖುಷಿ ಆಗ್ಬೇಕಾ, ಸುಮ್ಮನಾಗ್ಬೇಕಾ?” ಎಂದು ಕೇಳಿದರು. ಸುಮ್ಮನಾದರೆ ಸಾಕು ಎಂದೆ.

ಎರಡು ದಿನದಲ್ಲಿ ಬರೆದು ಕಳಿಸಿದರು. ಊಟ, ಆಟೋಟ, ರಂಗೋಲಿ ಯುವ ಸಮಿತಿಗೆ. ವೇದಿಕೆ, ಅತಿಥಿಗಳು, ಕಾರ್ಯಕ್ರಮದ ಪಟ್ಟಿ ಹಿರಿಯರಿಗೆ. ಸಂಘದ ಹಿತಕ್ಕಾಗಿ ಯುವ ಸಮಿತಿಯ ಯಾವ ತೀರ್ಮಾನವನ್ನೂ ಅಧ್ಯಕ್ಷರು ತಳ್ಳಿಹಾಕಬಹುದು. ಚಪ್ಪಾಳೆ ತಟ್ಟಿ ಒಪ್ಪಿಕೊಂಡೆವು.

ಮನೆಯಲ್ಲಿ ಅದನ್ನು ಓದಿದ ಮೇಘಾ ಮೊದಲು ನಕ್ಕಳು. “ಅಪ್ಪಾ, ಇದು ನೈಂಟೀನ್ ನೈಂಟೀನ್ ಆ್ಯಕ್ಟ್. ಸರ್ ಬರೀ ಹೆಸ್ರು ಚೇಂಜ್ ಮಾಡಿದಾರೆ.” ಆಮೇಲೆ ನಗು ನಿಲ್ಲಿಸಿ ನನ್ನ ಮುಖ ನೋಡಿದಳು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಕೇಳಲು ಹೋದರೆ ಪಿಂಟೋ ಸರ್ ಆರಾಮಾಗಿ ಚಹಾ ಸೋಸುತ್ತಿದ್ದರು. “ನೀವು ಹೇಳಿದ್ದನ್ನೇ ಬರೆದದ್ದು ಮಾರಾಯ್ರೆ. ಮೀಟಿಂಗಲ್ಲಿ ಒಬ್ರಾದ್ರೂ ಬಲಗಡೆ ನೋಡ್ತೀರಿ ಅಂತ ಕಾದೆ.”

ನಾನು ನಿಯಮ ಬದಲಿಸಲಿಲ್ಲ. ಮಾರ್ಚಿನಲ್ಲಿ ಅವರು ಕೆಲಸ ಮುಗಿಸಿ ಮಂಗಳೂರಿಗೆ ಹೊರಟಾಗ ಏರ್‌ಪೋರ್ಟಿಗೆ ಬಿಡಲು ಹೋಗಿದ್ದೆ. ಟ್ರಾಲಿ ತಳ್ಳುತ್ತ ಒಂದೇ ಮಾತು ಕೇಳಿದರು, “ಪಟ್ಟಿ ಮಕ್ಳಿಗೆ ಕೊಟ್ರಾ?”

“ಮುಂದೆ ನೋಡೋಣ ಸಾರ್. ಅವರಿಗಿನ್ನೂ ಅನುಭವ ಸಾಲದು.”

“ಬ್ರಿಟಿಷ್ರು ಹೇಳಿದ್ದೂ ಇದನ್ನೇ,” ಎಂದು ನಕ್ಕು, ನನ್ನ ಭುಜ ತಟ್ಟಿ ಒಳಗೆ ಹೋದರು. ಮತ್ತೆ ಭೇಟಿಯಾಗಿಲ್ಲ.

ಈ ವರ್ಷದ ರಾಜ್ಯೋತ್ಸವದಲ್ಲಿ ಸನ್ಮಾನಗಳೆಲ್ಲ ಹೊತ್ತಿಗೆ ಸರಿಯಾಗಿ ಮುಗಿದವು. ಪಟ್ಟಿಯಲ್ಲಿ ನಾಟಕಕ್ಕೆಂದು ನಾನೇ ಅರ್ಧ ಗಂಟೆ ಬರೆದಿಟ್ಟಿದ್ದೆ. ಮೇಘಾ ಬರಲಿಲ್ಲ, ಹುಡುಗರ್‍ಯಾರೂ ಬರಲಿಲ್ಲ. ದೀಪ ಹಾಕಿದ ಖಾಲಿ ವೇದಿಕೆಯನ್ನು ನೋಡುತ್ತ ಹಿರಿಯರೆಲ್ಲ ಕೂತಿದ್ದೆವು. ಪಿಂಟೋ ಸರ್ ಇದ್ದಿದ್ದರೆ ಆ ಅರ್ಧ ಗಂಟೆಯನ್ನು ಬಲಗಡೆ ಬರೆಯುತ್ತಿದ್ದರು, ನಾವು ಇಟ್ಟುಕೊಂಡದ್ದು ಎಂದು.