ಮುತ್ತಿನ ದೋಣಿಯ ಹಾಡುಗಾರ

ಮೊನ್ನೆ ಮಲ್ಪೆಯ ಬಂದರಿನಲ್ಲಿ ಯಾರೋ ಹಳೆಯ ಮರದ ದೋಣಿಯೊಂದನ್ನು ಮಗುಚಿ ಹಾಕಿ ಮೀನೆಣ್ಣೆ ಬಳಿಯುತ್ತಿದ್ದರು. ಈಗೆಲ್ಲ ಫೈಬರ್ ದೋಣಿಗಳು. ಆ ವಾಸನೆ ಮೂಗಿಗೆ ಬಡಿಯದೆ ಎಷ್ಟೋ ವರ್ಷಗಳಾಗಿದ್ದವು. ಕಮಟು ಕಮಟಾಗಿ ಗಂಟಲಲ್ಲಿ ಕುಳಿತುಬಿಡುವ ವಾಸನೆ... ಮೀನು ಕೊಳ್ಳಲು ಬಂದಿದ್ದ ನಾನು ಚೀಲ ಹಿಡಿದುಕೊಂಡು ಅಲ್ಲೇ ನಿಂತೆ. ನೆನಪಾದದ್ದು ನನ್ನ ಅಪ್ಪನ ದೋಣಿಯಲ್ಲ. ಕತಾರಿನ ಉತ್ತರದ ತುದಿಯಲ್ಲಿ ಕಡಲಿಗೆ ಮುಖ ಮಾಡಿ ನಿಂತಿದ್ದ ಒಂದು ಕಲ್ಲಿನ ಕೋಣೆ, ಅದರೊಳಗೆ ಚಾಪೆಯ ಮೇಲೆ ಕುಳಿತ ನಾಲ್ವರು ಮುದುಕರು.

ತೊಂಬತ್ತರ ದಶಕದ ನಡುವಿನ ವರ್ಷಗಳವು. ನಾನು ಅಲ್ಲಿನ ಅಲ್ ಅಜೀಜಿಯಾ ಬಡಾವಣೆಯ ಒಂದು ದೊಡ್ಡ ಮನೆಯಲ್ಲಿ ಡ್ರೈವರ್ ಆಗಿದ್ದೆ. ಮನೆಯ ಹಿರಿಯರನ್ನು ಕೆಲಸದವರೆಲ್ಲ 'ಬಾಬಾ' ಎಂದು ಕರೆಯುತ್ತಿದ್ದೆವು. ಎಪ್ಪತ್ತು ದಾಟಿದ್ದ ಅವರು ಹರೆಯದಲ್ಲಿ ಮುತ್ತು ತೆಗೆಯುವ ದೋಣಿಗಳಲ್ಲಿ ಹಾಡುಗಾರರಾಗಿದ್ದರು. ಆ ದೋಣಿಗಳಲ್ಲಿ ಹಾಡುವುದೂ ಒಂದು ಕೆಲಸವಂತೆ. ಹಾಯಿ ಏರಿಸಲು ಒಂದು ಹಾಡು, ಲಂಗರು ಎತ್ತಲು ಇನ್ನೊಂದು, ಹುಟ್ಟು ಹಾಕಲು ಮತ್ತೊಂದು. ಹಾಡುಗಾರ ಎತ್ತಿಕೊಟ್ಟರೆ ಮಾತ್ರ ಉಳಿದವರ ಕೈ ಏಳುತ್ತಿತ್ತು. ಆಮೇಲೆ ಮುತ್ತಿನ ವ್ಯಾಪಾರ ಬಿತ್ತು, ನೆಲದಿಂದ ಎಣ್ಣೆ ಬಂತು, ದೋಣಿಗಳು ಮರಳಿನಲ್ಲಿ ಒಣಗಿ ಸೀಳಿಹೋದವು. ಹಾಡು ಮಾತ್ರ ಕೆಲವು ಗಂಟಲುಗಳಲ್ಲಿ ಉಳಿದಿತ್ತು.

ಕೆಲಸಕ್ಕೆ ಸೇರಿದ ಮೊದಲ ವಾರವೇ ಕಾರಿನಲ್ಲಿ ಅವರು ನನ್ನ ಊರು ಕೇಳಿದರು. ಮಂಗಳೂರಿನ ಕಡೆ ಎಂದೆ. ಅವರ ಮುಖ ಬದಲಾಯಿತು. ಹಡಗಿನ ದಿನಗಳಲ್ಲಿ ಕಲಿತ ಮುರುಕು ಹಿಂದಿಯಲ್ಲಿ ಕೇಳಿದರು: "ಅಲ್ಲಿ ನದಿ ಬಾಯಿಯಲ್ಲಿ ಮರಳಿನ ದಿಬ್ಬ ಇತ್ತಲ್ಲ, ಈಗಲೂ ಉಂಟಾ?" ಅಳಿವೆ ಬಾಗಿಲಿನ ಮಾತದು. ಹೆಂಚು ಒಯ್ಯಲು ಅವರು ಎರಡು ಸಲ ಹಾಯಿಹಡಗಿನಲ್ಲಿ ನಮ್ಮೂರಿಗೆ ಬಂದಿದ್ದರಂತೆ. ಅಂದಿನಿಂದ ನನ್ನ ಹೆಸರು ಹೋಯಿತು. ಕೊನೆಯವರೆಗೂ ಅವರು ನನ್ನನ್ನು ಕರೆದದ್ದು 'ಮಂಗಳೂರು' ಎಂದೇ.

ಪ್ರತಿ ಶುಕ್ರವಾರ ಬಾಬಾರ ಮಧ್ಯಾಹ್ನದ ನಮಾಜು ಮುಗಿದ ಮೇಲೆ ನಾವು ಉತ್ತರದ ಅಲ್ ಶಮಾಲಿಗೆ ಹೊರಡುತ್ತಿದ್ದೆವು. ಅಲ್ಲಿ ಅವರ ಹುಟ್ಟೂರಿನ ದಡದಲ್ಲಿ ಆ ಕೋಣೆ. ಹೊರಗೆ ಒಂದು ಹಳೆಯ ಮರದ ದೋಣಿ. ಅದಕ್ಕೆ ಮೀನೆಣ್ಣೆ ಬಳಿದು ಕಾಪಾಡುತ್ತಿದ್ದವರು ಬಾಬಾರ ಬಾಲ್ಯದ ಗೆಳೆಯ, ಡೋಲು ಬಾರಿಸುವ ಅಜ್ಜ. ಅವರ ಕೈಯ ಮೀನೆಣ್ಣೆ ಡೋಲಿಗೆ, ಚಾಪೆಗೆ, ಚಹಾದ ಲೋಟಕ್ಕೂ ಹತ್ತುತ್ತಿತ್ತು. ಇನ್ನಿಬ್ಬರು ಮಣ್ಣಿನ ಹೂಜಿಯ ಮೇಲೆ ಅಂಗೈಯಿಂದ ತಾಳ ಹಾಕುವವರು. ಡೋಲಿನ ಚರ್ಮವನ್ನು ಕೆಂಡದ ಮೇಲೆ ಕಾಯಿಸಿ ಬಿಗಿ ಮಾಡಿ, ಟಣ್ ಎನ್ನುವುದನ್ನು ಕೇಳಿ ತಲೆಯಾಡಿಸಿ ಶುರು ಮಾಡುತ್ತಿದ್ದರು. ಬಾಬಾ ಮೇಲಿನ ಸ್ವರದಲ್ಲಿ ಎತ್ತಿದರೆ ಉಳಿದ ಮೂವರು ಹೊಟ್ಟೆಯ ತಳದಿಂದ ಗುಂಯ್ ಎಂದು ಒಂದೇ ಸ್ವರ ಹಿಡಿಯುತ್ತಿದ್ದರು. ಅದನ್ನು ಮೊದಲ ಸಲ ಕೇಳಿದಾಗ ನಾನು ಕಾರಿನಿಂದ ಇಳಿದು ಕೋಣೆಯ ಬಾಗಿಲಿಗೆ ಹೋಗಿದ್ದೆ. ಮನುಷ್ಯರ ಧ್ವನಿಯಂತಿರಲಿಲ್ಲ. ನೀರಿನ ಅಡಿಯಲ್ಲಿ ಯಾವುದೋ ದೊಡ್ಡ ಪ್ರಾಣಿ ಮಗ್ಗುಲು ಬದಲಿಸಿದ ಹಾಗೆ...

ಒಮ್ಮೆ ಹನ್ನೊಂದು ಜನರಿದ್ದರಂತೆ. ತೀರಿಹೋದವರ ಹೂಜಿಗಳನ್ನು ಗೋಡೆಯ ಗೂಡಿನಲ್ಲಿ ಮಗುಚಿ ಇಟ್ಟಿದ್ದರು. ಹೊಸಬರು ಯಾರೂ ಬರುತ್ತಿರಲಿಲ್ಲ. ಅಲ್ ಅಜೀಜಿಯಾದ ಮನೆಯ ಅಡುಗೆಯವರು ಉಳ್ಳಾಲದ ಬ್ಯಾರಿ, ನನಗಿಂತ ಹದಿನೈದು ವರ್ಷ ದೊಡ್ಡವರು. ನಾನು ಕಾಕ ಎನ್ನುತ್ತಿದ್ದೆ. ಅವರಿಗೆ ನನ್ನ ಶುಕ್ರವಾರಗಳು ಸರಿ ಕಾಣುತ್ತಿರಲಿಲ್ಲ.

"ಅದು ಜಿನ್ನುಗಳು ಕಲಿಸಿದ ಹಾಡಂತೆ ಮಾರಾಯ. ಕಲಿತವರು ಹೊರಗಿನವರಿಗೆ ಕೊಟ್ಟರೆ ಜೀವ ಉಳಿಯುವುದಿಲ್ಲವಂತೆ. ನೀನು ಕಾರಿನಲ್ಲೇ ಕೂತುಕೊ, ಒಳಗೆ ಹೋಗ್ಬೇಡ."

ನಾನು ಅದನ್ನು ಬಾಬಾರಿಗೇ ಹೇಳಿದೆ. ಅವರು ನಕ್ಕರು, ಕಣ್ಣು ಮಾತ್ರ ನಗಲಿಲ್ಲ. "ಜಿನ್ನು ಮಾಫಿ, ಯಾವ ಜಿನ್ನೂ ಇಲ್ಲ. ನಮಗೆ ಕಲಿಸಿದ್ದು ಹಸಿವು."

ಮುಂದಿನ ಶುಕ್ರವಾರ ಕಾರಿನಲ್ಲೇ ಕೂತಿದ್ದ ನನ್ನನ್ನು ಅವರೇ ಒಳಗೆ ಕರೆದರು. ನನ್ನ ಅಪ್ಪ ಬಲೆ ಎಳೆಯುವಾಗ ಹಾಕುತ್ತಿದ್ದ ಕೂಗನ್ನು ನನ್ನಿಂದ ಹಾಡಿಸಿದರು. ನನಗೆ ನಾಚಿಕೆಯಾಯಿತು, ಆದರೂ ಹಾಡಿದೆ. ಮೂವರು ಮುದುಕರು ಕಣ್ಣು ಮುಚ್ಚಿ ಅದರ ಕೆಳಗೆ ಗುಂಯ್ ಎಂದರು. ನಮ್ಮ ತೀರದ ಕೂಗು ಅವರ ಸ್ವರದ ಮೇಲೆ ಅಲುಗಾಡದೆ ನಿಂತಿತು. ಆಮೇಲೆ ನನಗೂ ಆ ಕೆಳಗಿನ ಸ್ವರ ಹಿಡಿಯಲು ಕಲಿಸಿದರು. ನಾನು ಕಲಿತದ್ದು ಅಷ್ಟೇ.

ಒಂದು ಚಳಿಗಾಲದಲ್ಲಿ ಬಾಬಾರ ಉಸಿರು ಸಣ್ಣದಾಗತೊಡಗಿತು. ಉದ್ದದ ಸಾಲನ್ನು ಎರಡು ಕಡೆ ಮುರಿದು ಹಾಡುತ್ತಿದ್ದರು, ಮುರಿದಾಗಲೆಲ್ಲ ಡೋಲಿನ ಅಜ್ಜ ಅವರನ್ನು ದಿಟ್ಟಿಸಿ ನೋಡುತ್ತಿದ್ದರು. ಒಂದು ಶುಕ್ರವಾರ ಅಜ್ಜ ಡೋಲನ್ನು ಬದಿಗಿಟ್ಟು ಏನೋ ಹೇಳಿದರು. ವಾಪಸು ಬರುವಾಗ ಬಾಬಾ ನನಗೆ ಅರ್ಥ ಹೇಳಿದರು: "ನೀರಿನ ಹಾಡನ್ನು ನಲವತ್ತು ವರ್ಷ ನೆಲದ ಮೇಲೆ ಹಾಡಿ ನಾವು ಸುಳ್ಳುಗಾರರಾದೆವು ಅಂತಾನೆ."

ಅವರ ಹಾಡುಗಳಲ್ಲಿ ಒಂದು, ಮುತ್ತಿನ ಹಂಗಾಮು ಮುಗಿಸಿ ಊರಿಗೆ ಮರಳುವಾಗಿನದು. ತಿಂಗಳುಗಟ್ಟಲೆ ನೀರಿನಲ್ಲಿ ಇದ್ದವರು ಮನೆಗೆ ಹೊರಡುವ ಹಾಡು. ಅದರ ಕೊನೆಯ ಚರಣವನ್ನು ದೋಣಿ ದಡಕ್ಕೆ ತಾಗುವಾಗ ಮಾತ್ರ ಹಾಡಬೇಕು. ಹಾಗಾಗಿ ಕೋಣೆಯಲ್ಲಿ ಹಾಡನ್ನು ಯಾವತ್ತೂ ಆ ಚರಣದ ಮೊದಲೇ ನಿಲ್ಲಿಸಿಬಿಡುತ್ತಿದ್ದರು. ಸಾಯುವ ಮೊದಲು ಒಮ್ಮೆ ಕಡಲಿಗಿಳಿದು ಅದನ್ನು ಪೂರ್ತಿ ಹಾಡಬೇಕು ಎಂಬುದು ಆ ಇಬ್ಬರು ಗೆಳೆಯರ ಹಟ.

ಬಾಬಾರ ದೊಡ್ಡ ಮಗನಿಗೆ ಸುದ್ದಿ ಹೋಯಿತು. ಅವನು ಕೆಟ್ಟ ಮನುಷ್ಯನಲ್ಲ, ತಂದೆಗೆ ಏನಾದೀತೋ ಎಂಬ ಹೆದರಿಕೆ ಇದ್ದವನು. ನನ್ನನ್ನು ಗೇಟಿನ ಬಳಿ ಕರೆದು ಹೇಳಿದ: "ಅವರು ದೋಣಿ ಹತ್ತಿದ ದಿನ ನಿನ್ನ ಕೆಲಸ ಖಲಾಸ್. ಮರುದಿನ ಊರಿಗೆ." ನನಗೆ ಊರಿನಲ್ಲಿ ಮದುವೆಯಾಗದ ಇಬ್ಬರು ತಂಗಿಯರಿದ್ದರು. ನಾನು ತಲೆಯಾಡಿಸಿದೆ.

ಚಳಿ ಮುಗಿಯುವ ಹೊತ್ತಿಗೆ ಮಗ ಕೆಲಸದ ಮೇಲೆ ಹೊರದೇಶಕ್ಕೆ ಹೋದ. ಆ ಶುಕ್ರವಾರ ಬಾಬಾ ಬಿಳಿಯ ಹೊಸ ಅಂಗಿ ತೊಟ್ಟು ಕಾರಿನ ಬಳಿ ನಿಂತಿದ್ದರು. ಇಂದು ದೋಣಿ ಹತ್ತುತ್ತಾರೆ ಎಂದು ನೋಡಿದೊಡನೆ ತಿಳಿಯಿತು. ಕಾಕ ಅಡುಗೆಮನೆಯ ಬಾಗಿಲಿಗೆ ಬಂದು, "ಬೇಡ ಮಾರಾಯ. ಕಾರು ಕೆಟ್ಟಿದೆ ಅಂತ ಹೇಳು, ಸಾಕು" ಎಂದರು. ನಾನು ಬಾಬಾರ ಮುಖ ನೋಡಿದೆ, ಕಾರು ಸ್ಟಾರ್ಟ್ ಮಾಡಿದೆ.

ಅಲ್ ಶಮಾಲಿನಲ್ಲಿ ಗಾಳಿ ಪೂರ್ತಿ ಬಿದ್ದುಹೋಗಿತ್ತು. ಕಡಲು ಕಾಯಿಸಿ ಆರಿಸಿದ ಎಣ್ಣೆಯ ಹಾಗೆ ದಪ್ಪಗೆ ಮಲಗಿತ್ತು. ಕಡಲಹಕ್ಕಿಗಳೆಲ್ಲ ಮರಳಿನ ಮೇಲೆ ಕೂತಿದ್ದವು, ಒಂದೂ ಹಾರುತ್ತಿರಲಿಲ್ಲ. ಉತ್ತರದ ಅಂಚಿನಲ್ಲಿ ಆಕಾಶದ ಬುಡ ಕಂದುಬಣ್ಣಕ್ಕೆ ತಿರುಗಿತ್ತು. ಇಂಥ ದಿನ ಅಪ್ಪ 'ಕಡಲು ಉಸಿರು ಹಿಡಿದಿದೆ' ಎಂದು ದೋಣಿ ಇಳಿಸುತ್ತಿರಲಿಲ್ಲ. ನಾನು ಬಾಬಾರನ್ನು ನೋಡಿದೆ. ಅವರೂ ಉತ್ತರದ ಕಡೆಯೇ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಯಲ್ಲಾ, ಹೊರಡು, ಮಂಗಳೂರು" ಎಂದರು.

ಆ ಹಳೆಯ ದೋಣಿಗೆ ನಡುವೆ ಯಾವಾಗಲೋ ಇಂಜಿನ್ ಕೂರಿಸಿದ್ದರು. ಮೀನುಗಾರರ ಮಗನೆಂದು ಚುಕ್ಕಾಣಿ ನನ್ನ ಕೈಗೆ ಬಂತು. ದಡ ಒಂದು ಗೆರೆಯಾಗುವಷ್ಟು ದೂರ ಹೋಗಿ ಇಂಜಿನ್ ನಿಲ್ಲಿಸಿ ಲಂಗರು ಹಾಕಿದೆವು. ಬಾಬಾ ಮರಳುವ ಹಾಡು ಎತ್ತಿದರು. ಕೋಣೆಯಲ್ಲಿ ಕೇಳಿದ ಹಾಡೇ. ಆದರೆ ಇಲ್ಲಿ ಗೋಡೆಗಳಿರಲಿಲ್ಲ. ಸ್ವರ ನೀರಿನ ಮೇಲೆ ಹೋಗುತ್ತಲೇ ಇತ್ತು, ತಿರುಗಿ ಬರುತ್ತಿರಲಿಲ್ಲ. ಬಾಬಾರ ಉಸಿರು ಎಲ್ಲಿಯೂ ಮುರಿಯಲಿಲ್ಲ. ಡೋಲಿನ ಅಜ್ಜ ಅಳುತ್ತಿದ್ದರು, ಕೈ ಮಾತ್ರ ತಪ್ಪಲಿಲ್ಲ. ಲಂಗರು ಎತ್ತುವ ಚರಣಕ್ಕೆ ಹೂಜಿಯವರಿಬ್ಬರೂ ಎದ್ದು ನನ್ನ ಜೊತೆ ಹಗ್ಗಕ್ಕೆ ಕೈ ಹಾಕಿದರು. ಹಗ್ಗ ಹಗುರವಾಗಿ ಮೇಲೆ ಬಂತು. ಅಂಥ ಹಗುರ ನಾನು ಮತ್ತೆ ಕಂಡಿಲ್ಲ.

ಅಷ್ಟರಲ್ಲಿ ಉತ್ತರದ ಗಾಳಿ ಬಂತು. ಮೊದಲು ಅದರ ತಣ್ಣನೆಯ ವಾಸನೆ, ಆಮೇಲೆ ಮರಳು, ಆಮೇಲೆ ಅಲೆ. ದಡದ ಗೆರೆ ಅಳಿಸಿಹೋಯಿತು. ನಾನು ಇಂಜಿನ್ ಎಬ್ಬಿಸಿ, ಅಲೆಗೆ ಬೆನ್ನು ಕೊಟ್ಟು, ಗೊತ್ತಿದ್ದ ದೇವರನ್ನೆಲ್ಲ ಕರೆಯುತ್ತಾ ಚುಕ್ಕಾಣಿಗೆ ಜೋತುಬಿದ್ದೆ. ಹೂಜಿಗಳು ಒಡೆದವು. ಡೋಲಿನ ಅಜ್ಜ ತನ್ನ ಮೇಲಂಗಿ ಬಿಚ್ಚಿ ಡೋಲಿಗೆ ಸುತ್ತಿ, ಬರಿಮೈಯಲ್ಲಿ ಅದನ್ನು ತಬ್ಬಿಕೊಂಡು ಕುಳಿತರು. ಒಂದೊಂದು ಅಲೆಯೂ ಅವರ ಬೆನ್ನಿಗೇ ಹೊಡೆಯುತ್ತಿತ್ತು. ಒಂದು ಗಂಟೆಯೋ ಎರಡು ಗಂಟೆಯೋ... ಕೊನೆಗೆ ದೋಣಿಯ ಹೊಟ್ಟೆ ಮರಳಿಗೆ ಉಜ್ಜಿತು. ನಾನು ಬಾಬಾರನ್ನು ನೋಡಿದೆ. ಅವರು ಬಾಯಿ ತೆರೆದರು. ಸ್ವರ ಬರಲಿಲ್ಲ.

ಡೋಲಿನ ಅಜ್ಜನಿಗೆ ಆ ದಿನವೇ ಜ್ವರ ಬಂತು, ಎದೆಗೆ ಇಳಿಯಿತು. ಹತ್ತು ದಿನವೂ ಬದುಕಲಿಲ್ಲ. ಅವರ ಮಕ್ಕಳು ಕೋಣೆಗೆ ಬೀಗ ಹಾಕಿದರು. ಡೋಲು ಎಲ್ಲಿ ಹೋಯಿತೋ ನನಗೆ ತಿಳಿಯಲಿಲ್ಲ.

ಸಾವಿನ ಮನೆಯಲ್ಲೇ ದೊಡ್ಡ ಮಗನಿಗೆ ಎಲ್ಲ ಗೊತ್ತಾಯಿತು. ಅವನು ನನ್ನನ್ನು ಅಂಗಳಕ್ಕೆ ಕರೆಸಿದಾಗ ನಾನು ಆಗಲೇ ಪೆಟ್ಟಿಗೆ ಕಟ್ಟಿಟ್ಟಿದ್ದೆ. ಬಾಬಾ ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಮಗನಿಗೆ ಅರಬ್ಬಿಯಲ್ಲಿ ಹೇಳಿದ್ದು ನನಗೂ ಅರ್ಥವಾಯಿತು: "ಹುಕುಂ ನನ್ನದು. ಇವನನ್ನು ಕಳಿಸುವುದಾದರೆ ಅದೇ ವಿಮಾನದಲ್ಲಿ ನನ್ನನ್ನೂ ಕಳಿಸು." ನಾನು ಉಳಿದೆ. ಶುಕ್ರವಾರಗಳು ಉಳಿಯಲಿಲ್ಲ. ನನಗೆ ಸೊಸೆಯಂದಿರನ್ನು ಕರೆದೊಯ್ಯುವ ಬೇರೆ ಕಾರು ಕೊಟ್ಟರು.

ಬಾಬಾರ ಕೋಣೆ ಅಡುಗೆಮನೆಯ ಗೋಡೆಗೆ ತಾಗಿಕೊಂಡಿತ್ತು. ಕಿಟಕಿಯಲ್ಲಿ ಹಳೆಯ ಏಸಿ. ಅವರು ಚಳಿಯಲ್ಲೂ ಅದನ್ನು ಆರಿಸಲು ಬಿಡುತ್ತಿರಲಿಲ್ಲ. ಮನೆಯವರು ವಯಸ್ಸಿನ ಅರಳುಮರಳು ಎಂದುಕೊಂಡರು. ಒಂದು ಮಧ್ಯಾಹ್ನ ಕಾಕ ನನ್ನನ್ನು ಕರೆದು ಗೋಡೆಗೆ ಕಿವಿ ಇಡಲು ಹೇಳಿದರು. ಏಸಿಯ ಗುಂಯ್ ಎಂಬ ಸದ್ದಿನ ಮೇಲೆ ಬಾಬಾ ತೀರ ಮೆಲ್ಲಗೆ ಮರಳುವ ಹಾಡನ್ನು ಹಾಡುತ್ತಿದ್ದರು. ದೂರವಾದ ಗೆಳೆಯರ ಕೆಳಗಿನ ಸ್ವರ ಅವರಿಗೆ ಆ ಯಂತ್ರದಲ್ಲಿ ಸಿಕ್ಕಿತ್ತು. ಕಾಕ ಕೈಯಲ್ಲಿದ್ದ ಸೌಟು ಕೆಳಗಿಟ್ಟರು. "ಇದು ಒಳ್ಳೆಯದಕ್ಕಲ್ಲ" ಎಂದರು.

ಆಮೇಲೆ ಯಾರೂ ಇಲ್ಲದಾಗ ನಾನು ಒಳಗೆ ಹೋಗಿ ಅವರ ಕಾಲ ಬಳಿ ಕುಳಿತು ಕೆಳಗಿನ ಸ್ವರ ಹಿಡಿಯುತ್ತಿದ್ದೆ. ಆಗ ಅವರು ಏಸಿ ಆರಿಸುತ್ತಿದ್ದರು. ನಾಲ್ಕು ಸಾಲು, ಮೂರು ಸಾಲು, ಎರಡು... ವಾರದಿಂದ ವಾರಕ್ಕೆ ಅವರ ಉಸಿರಿಗೆ ಸಿಗುವ ಹಾಡು ಕಡಿಮೆಯಾಗುತ್ತಾ ಬಂತು. ಒಂದು ದಿನ ನಾನು ಕೇಳಿಯೇ ಬಿಟ್ಟೆ, "ಬಾಬಾ, ಕೊನೆಯದನ್ನು ಇಲ್ಲೇ ಹಾಡಿ. ನಾನು ಕಲಿಯುತ್ತೇನೆ." ಅವರು ಕಿಟಕಿಯ ಕಡೆ ಕೈ ತೋರಿದರು. "ದಡ ಎಲ್ಲಿದೆ, ಮಂಗಳೂರು?" ಎಂದರು.

ಮರುವರ್ಷ ಬೇಸಿಗೆಯ ಒಂದು ಬೆಳಿಗ್ಗೆ ನಾನು ಕಾರು ನಿಲ್ಲಿಸಿ ಅಡುಗೆಮನೆಗೆ ಬಂದಾಗ ಕಾಕ ಗೋಡೆಯ ಬಳಿ ಅಲ್ಲಾಡದೆ ನಿಂತಿದ್ದರು. ಒಲೆಯ ಮೇಲೆ ಏನೋ ಸೀಯುತ್ತಿತ್ತು.

"ಏಸಿ ಮಾತ್ರ ಕೇಳ್ತಾ ಉಂಟು ಮಾರಾಯ" ಎಂದರು.

ಬಾಬಾ ತೀರಿಕೊಂಡ ಅದೇ ವರ್ಷದ ಕೊನೆಗೆ ನಾನು ಊರಿಗೆ ಬಂದೆ. ತಂಗಿಯರ ಮದುವೆಯಾಯಿತು, ನನ್ನದೂ ಆಯಿತು. ಹೂಜಿಯವರಿಬ್ಬರೂ ಎರಡು ವರ್ಷದೊಳಗೆ ಹೋದರೆಂದು ಕಾಕ ಕಾಗದ ಬರೆದಿದ್ದರು.

ಈಗ ಕಾಕನಿಗೆ ಎಂಬತ್ತು ದಾಟಿದೆ, ಉಳ್ಳಾಲದಲ್ಲಿ ಮಗಳ ಮನೆಯಲ್ಲಿದ್ದಾರೆ. ಮೊನ್ನೆ ಬಂದರಿನಿಂದ ಬಂದವನೇ ಅವರಿಗೆ ಫೋನ್ ಮಾಡಿದೆ. ಇಷ್ಟು ವರ್ಷ ಯಾರಿಗೂ ಹೇಳದೆ ಇದ್ದುದನ್ನು ಹೇಳಿದೆ: ಆ ದಿನ ಗಾಳಿ ಬರುವುದು ನನಗೆ ಗೊತ್ತಿತ್ತು, ಹೇಳಿದ್ದರೆ ಡೋಲಿನ ಅಜ್ಜ ಬದುಕುತ್ತಿದ್ದರು.

ಅತ್ತ ಕಡೆ ಕಾಕ ಟಿವಿ ಆರಿಸಲು ಮಗಳಿಗೆ ಹೇಳಿದರು.

"ಕಡಲಲ್ಲೇ ಬೆಳೆದವರು, ಅವರಿಗೂ ಗೊತ್ತಿತ್ತಲ್ಲ" ಎಂದರು. "ಇರಲಿ. ಆ ಕೊನೆಯ ಚರಣ ಹೇಗಿತ್ತು ಹೇಳು, ನಾನು ಕೇಳಲಿಲ್ಲ."

"ನಾನೂ ಕೇಳಲಿಲ್ಲ ಕಾಕ" ಎಂದೆ.