ಬರೆಯದ ಪೆನ್ನುಗಳ ಚನ್ನವೀರ

ಮಸ್ಕಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನದು ಝೆರಾಕ್ಸ್ ಅಂಗಡಿ. ಗೋಡೆಗೆ ಗೋಡೆ ಹಚ್ಚಿಕೊಂಡು ಚನ್ನವೀರನ ಕಟ್ಟಿಗೆ ಕಡೆಯುವ ಲೇತು. ನಾನು ಮಾರುವುದು ಐದು ರೂಪಾಯಿಯ ಪ್ಲಾಸ್ಟಿಕ್ ಪೆನ್ನು. ಊರೆಲ್ಲ ಅದರಲ್ಲೇ ಬರೆಯುತ್ತದೆ. ಅವನು ಮಾಡುವುದು ಕಟ್ಟಿಗೆಯ ಪೆನ್ನು. ನಾನು ಬಿಟ್ಟರೆ ಅದರಲ್ಲಿ ಒಬ್ಬ ನರಮನುಷ್ಯನೂ ಒಂದಕ್ಷರ ಬರೆದದ್ದು ಕಾಣೆ. ಹೀಗೆಂದರೆ ಪೆನ್ನು ಕೆಟ್ಟದ್ದು ಎಂದುಕೊಳ್ಳಬೇಡಿ. ಪೆನ್ನು ಬಂಗಾರದಂಥದ್ದು. ಕೆಟ್ಟದ್ದು ಅವನ ಹಣೆಬರಹ.

ಅವನ ಮನೆಯವರು ಮೂಲತಃ ಲಿಂಗಸುಗೂರು ಕಡೆಯವರು. ಅವನಪ್ಪ ಜಂಬಣ್ಣ ತೊಟ್ಟಿಲ ಕಾಲು, ಮಂಚದ ಕಾಲು ಕಡೆಯುವುದರಲ್ಲಿ ಹೆಸರಾದವರು. ಕಬ್ಬಿಣದ ತೊಟ್ಟಿಲು ಬಂದ ಮೇಲೆ ಆ ಕೆಲಸ ಮುಗಿಯಿತು. ಮಗ ಮೊಬೈಲು ನೋಡಿ ಪೆನ್ನು ಕಡೆಯಲು ಕಲಿತ. ಕರಿಜಾಲಿಯ ತುಂಡಿಗೆ ಉದ್ದಕ್ಕೆ ತೂತು ಕೊರೆದು, ಹಿತ್ತಾಳೆಯ ನಳಿಕೆ ಕೂಡಿಸಿ, ಲೇತಿಗೆ ಏರಿಸಿ ಉಳಿ ಹಿಡಿದನೆಂದರೆ ನೋಡುವವರಿಗೆ ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲ. ಮೊದಲನೆಯದನ್ನು ಮಠದ ಅಜ್ಜಾರಿಗೆ ಕೊಡಬೇಕೆಂದು ಜಂಬಣ್ಣ ಹಟ ಹಿಡಿದರು.

"ಬರೇ ಕಡ್ಡಿ ಕೊಟ್ರ ಏನ್ ಚಂದಲೇ? ಮ್ಯಾಲೊಂದು ಲಿಂಗ ಕಡಿ."

ಕಡೆದ. ಪೆನ್ನಿನ ನೆತ್ತಿಯ ಮೇಲೆ ಪಾಣಿಪೀಠ ಸಮೇತ ಹೆಬ್ಬೆರಳ ಗಾತ್ರದ ಲಿಂಗ. ಅಜ್ಜಾರು ಅದನ್ನು ಕಣ್ಣಿಗೊತ್ತಿಕೊಂಡು ಗದ್ದುಗೆಯ ಪಕ್ಕದಲ್ಲಿಟ್ಟರು. ಕೂಡಿದ ಭಕ್ತರೆಲ್ಲ ನೋಡಿದರು. ಅಲ್ಲಿಗೆ ಚನ್ನವೀರನ ಬಾಳು ತೀರ್ಮಾನವಾಯಿತು.

ಮರುದಿನದಿಂದಲೇ ಜನ ಬಂದರು. ಬಳಗಾನೂರಿನವರು ಬಂದರು, ವಳಕಮದಿನ್ನಿಯವರು ಬಂದರು. ಎಲ್ಲರಿಗೂ ಲಿಂಗದ ಪೆನ್ನೇ ಬೇಕು. ಒಯ್ದು ಜಗಲಿಯ ಮೇಲಿಟ್ಟು ವಿಭೂತಿ ಹಚ್ಚುತ್ತಾರೆ. ಮಕ್ಕಳ ಪರೀಕ್ಷೆ ಬಂದರೆ ಇದಕ್ಕೆ ಊದುಬತ್ತಿ. ಮಗು ಬರೆಯುವುದು ಮಾತ್ರ ನನ್ನ ಅಂಗಡಿಯ ಪೆನ್ನಿನಲ್ಲಿ. ದೇವರಿಂದ ಬರೆಸಿ ಪಾಪ ಕಟ್ಟಿಕೊಳ್ಳುವವರು ಯಾರು? ತಲೆಭಾರದ ಆ ಪೆನ್ನು ಬೆರಳಲ್ಲಿ ನಿಲ್ಲುವುದೂ ಇಲ್ಲ ಅನ್ನಿ.

ಅಷ್ಟಕ್ಕೇ ಮುಗಿದಿದ್ದರೆ ಸಹಿಸಬಹುದಿತ್ತು. ಲಿಂಗದ ತಲೆ ದಪ್ಪ, ಕೆಳಗಿನ ಕುತ್ತಿಗೆ ಸಣ್ಣ. ನಮ್ಮ ಬಿಸಿಲಿಗೆ ಎರಡೂ ಒಂದೇ ಸಮ ಒಣಗುವುದಿಲ್ಲ. ವರ್ಷದೊಳಗೆ ಸಣ್ಣ ಬಿರುಕು. ಭಿನ್ನವಾದದ್ದನ್ನು ಮನೆಯಲ್ಲಿ ಇಡಬಾರದಲ್ಲ, ತಂದು ಚನ್ನವೀರನಿಗೇ ಒಪ್ಪಿಸಿ ಹೊಸದನ್ನು ಒಯ್ಯುತ್ತಾರೆ. ಅವನು ಆಚೆ ಒಗೆಯುವಂತಿಲ್ಲ, ಸುಡುವಂತಿಲ್ಲ.

"ಆಕಾರ ಕೊಟ್ಟಾಂವನಽ ಕಾಯಬೇಕು" ಎಂದು ಜಂಬಣ್ಣ ಅಂಗಡಿಯಲ್ಲಿ ಹಲಗೆ ಬಡಿಸಿ, ಬಿರುಕು ಬಿಟ್ಟವನ್ನೆಲ್ಲ ಸಾಲಾಗಿ ನಿಲ್ಲಿಸಿ, ಮುಂದೆ ದೀಪ ಹಚ್ಚಿದರು. ಹಲಗೆ ಒಂದಿದ್ದದ್ದು ನಾಲ್ಕು ಗೋಡೆಗೂ ಸುತ್ತಿಕೊಂಡಿತು. ಸೋಮವಾರ ಹೆಂಗಸರು ತಮ್ಮ ಹಳೆಯ ಪೆನ್ನನ್ನು ಕಾಣಲು ಬರತೊಡಗಿದರು. ಚನ್ನವೀರ ಚಪ್ಪಲಿ ಹೊರಗೆ ಬಿಟ್ಟು ತನ್ನದೇ ಅಂಗಡಿಗೆ ಹೋಗಬೇಕು. ಚಹಾ ಕುಡಿಯಲು ನನ್ನ ಅಂಗಡಿಗೆ ಬರಬೇಕು.

"ಉಸಿರು ಕಟ್ಟತೈತಿ ಮಹಾಲಕ್ಷ್ಮಕ್ಕಾ. ಉಳಿ ಹಿಡಿದ್ರ ಕೈ ತಾನಽ ಲಿಂಗ ಕಡೀತೈತಿ. ನಾ ಮಾಡಿದ್ದರಾಗ ಯಾರರ ಒಬ್ರು ಬರೀಬೇಕು, ಅಷ್ಟಽ ನನಗ ಆಸೆ" ಎಂದು ಒಂದು ದಿನ ಕಣ್ಣು ತುಂಬಿಕೊಂಡ. ಲುಂಗಿಯ ಮಡಿಕೆಯಿಂದ ಒಂದು ಪೆನ್ನು ತೆಗೆದ. ಕದ್ದು ಮಾಡಿದ್ದು. ಲಿಂಗವಿಲ್ಲ, ಯಾವ ಅಲಂಕಾರವೂ ಇಲ್ಲ. ಬೆರಳು ಕೂರುವಲ್ಲಿ ತುಸು ಒಳಕ್ಕೆ ಸರಿದಿತ್ತು, ಅಷ್ಟೇ. ಅದನ್ನು ನನ್ನ ಕೌಂಟರಿನ ಮೇಲೆ ಇಡಿಸಿಕೊಂಡೆ.

ಸಿಂಧನೂರಿನ ಕಾಲೇಜಿನಲ್ಲಿ ಪಾಠ ಮಾಡುವ ದೀಪಿಕಾ ಮೇಡಂ ಊರಿಗೆ ಬಂದಾಗ ಪ್ರಶ್ನೆಪತ್ರಿಕೆ ಝೆರಾಕ್ಸ್ ಮಾಡಿಸಲು ನನ್ನಲ್ಲಿಗೇ ಬರುತ್ತಾರೆ. ಆ ಸಾರಿ ಬಂದವರು ಈ ಪೆನ್ನನ್ನು ಕೈಗೆತ್ತಿಕೊಂಡು, ರದ್ದಿ ಹಾಳೆಯ ಮೇಲೆ ಗೀಚಿ, ಮತ್ತೆ ಹಿಡಿದು ನೋಡಿದರು.

"ಎಷ್ಟ್ ಹಗೂರ ಐತ್ರಿ! ಬೀಳ್ಕೊಡೋ ದಿನ ನಮ್ಮ ಹುಡುಗರಿಗೆಲ್ಲ ಇದನ್ನಽ ಕೊಡಬೇಕು. ಏಪ್ರಿಲ್ ಕಡೀಗೆ ಆಗತಾವೇನ್ರಿ?"

ಗೋಡೆಯಾಚೆ ಲೇತು ನಿಂತಿತು. ಕೇಳಿಸಿಕೊಂಡಿದ್ದ.

ಆ ವಾರವೇ ಬಿರುಕಿನವನ್ನೆಲ್ಲ ಗೋಣಿಚೀಲಕ್ಕೆ ತುಂಬಿ, ಜೊತೆಗೆ ಕಲ್ಲು ಹಾಕಿ ಬಾಯಿ ಹೊಲಿದು, ಸಿಂಧನೂರಿನ ಮೇಲೆ ಜವಳಗೇರಾಕ್ಕೆ ಹೋಗಿ ಕಾಲುವೆಗೆ ಬಿಟ್ಟು ಬಂದ. ಅಪ್ಪನಿಗೆ ಮಠಕ್ಕೆ ಕೊಟ್ಟೆ ಎಂದ. ಲಿಂಗ ಕೇಳಿ ಬಂದವರಿಗೆ ರಟ್ಟೆ ನೋವು ಎಂದ. ನನಗೊಬ್ಬಳಿಗೆ ನಿಜ ಹೇಳಿದ. ಚೀಲ ಕೊಟ್ಟವಳೇ ನಾನು, ನನ್ನಿಂದೇಕೆ ಮುಚ್ಚಿಡಬೇಕು? ಮುಂದೆ ಒಂದೂವರೆ ತಿಂಗಳು ಆ ಹುಡುಗನನ್ನು ನೋಡಬೇಕಿತ್ತು. ಕೆಲಸ ಮಾಡುತ್ತ ಸಿಳ್ಳೆ ಹಾಕುತ್ತಿದ್ದ. ಪ್ರತಿ ಪೆನ್ನನ್ನೂ ಮೊದಲು ನನ್ನ ಕೈಗೆ ಕೊಟ್ಟು, "ಬರೀ ಯಕ್ಕಾ" ಎನ್ನುತ್ತಿದ್ದ. ನಾನು ಹಾಲಿನ ಲೆಕ್ಕ ಬರೆದರೂ ಬಾಗಿ ನೋಡುತ್ತಿದ್ದ.

ಆದರೆ ಒಣಭೂಮಿಯಲ್ಲಿ ಹುಟ್ಟಿದವನಿಗೆ ಕಾಲುವೆಯ ಗುಣ ಏನು ಗೊತ್ತು? ಅವನು ಹೋದಾಗ ಕಾಲುವೆ ದಂಡೆ ಮುಟ್ಟಿ ಹರಿಯುತ್ತಿತ್ತು. ಬೇಸಿಗೆಗೆ ನೀರು ಬಂದ್ ಮಾಡುತ್ತಾರೆಂಬುದು ಅವನ ತಲೆಗೇ ಹೋಗಿರಲಿಲ್ಲ.

ದೀಪಿಕಾ ಮೇಡಂ ಪೆನ್ನು ಒಯ್ಯಲು ಬಂದ ದಿನವೇ ಓಣಿಯೊಳಗೆ ಟ್ರ್ಯಾಕ್ಟರ್ ಬಂತು. ಟ್ರಾಲಿಯಲ್ಲಿ ಹಾರ್ಮೋನಿಯಂ, ತಾಳ, ಜವಳಗೇರಾದ ಹಿರಿಯರು. ಮುಂದೆ ಕುರಿ ಕಾಯುವ ದ್ಯಾವಪ್ಪ, ತಲೆಯ ಮೇಲೆ ಹೊಸ ಬುಟ್ಟಿ. ಬುಟ್ಟಿಯಲ್ಲಿ ತೊಳೆದು ವಿಭೂತಿ ಹಚ್ಚಿದ ಲಿಂಗದ ಪೆನ್ನುಗಳು. ಕಡೆದವನ ಅಂಗಡಿ ಕೇಳುತ್ತ ಬಂದಿದ್ದರು. ಜಂಬಣ್ಣ ಎದ್ದು ನಿಂತರು.

"ಕುರಿಗೆ ನೀರು ಕುಡಿಸಾಕ ಕಾಲವಿಗೆ ಇಳಿದಿನ್ರಿ ಯಪ್ಪಾ" ಎಂದು ದ್ಯಾವಪ್ಪ ಹೇಳಿದ. "ರಾಡ್ಯಾಗ ಸಾಲಾಗಿ ನಿಂತಾವ್ರಿ. ತುದಿ ಕೆಳಗ, ಲಿಂಗ ಮ್ಯಾಲೆ. ಒಂದರ ಅಡ್ಡ ಬಿದ್ದಿಲ್ಲ!"

ಗೋಣಿ ಕಲ್ಲಿಗೆ ತಿಕ್ಕಿ ಹರಿದಿರಬೇಕು. ಕಟ್ಟಿಗೆಯ ತಲೆ ನೀರಲ್ಲಿ ಮೇಲೆದ್ದು, ಲೋಹದ ತುದಿ ಕೆಳಗಾಗಿ ಕೆಸರಲ್ಲಿ ನಾಟಿರಬೇಕು. ನನಗದು ಆಗಲೇ ಹೊಳೆಯಿತು. ಬಾಯಿ ತೆರೆದರೆ ಅಪ್ಪ ಮಗನ ನಡುವೆ ಬೆಂಕಿ ಬೀಳುತ್ತದೆಂದು ಹಲ್ಲು ಕಚ್ಚಿದೆ.

ಚನ್ನವೀರ ಮಾತ್ರ ಸುಮ್ಮನಿರಲಿಲ್ಲ. ಬೆವರೊರೆಸಿಕೊಂಡು ಅಪ್ಪನ ಎದುರೇ ಹೇಳಿಬಿಟ್ಟ.

"ಪವಾಡ ಅಲ್ರಿ ಯಜ್ಜಾ. ನಾನಽ ಚೀಲದಾಗ ಕಟ್ಟಿ ಒಯ್ದು ಬಿಟ್ಟಿದ್ನಿ. ನನಗ ಇವು ಸಾಕಾಗ್ಯಾವ."

ಹಾರ್ಮೋನಿಯಂ ನಿಂತಿತು. ಜಂಬಣ್ಣನ ಕೈ ಮೇಲೆದ್ದಿತ್ತು. ಅಷ್ಟರಲ್ಲಿ ದ್ಯಾವಪ್ಪ ಬುಟ್ಟಿ ಇಳಿಸಿ, ತನ್ನ ಮೊಮ್ಮಗನ ವಯಸ್ಸಿನವನ ಕಾಲು ಮುಟ್ಟಿದ.

"ಹಂಗಾರ ಖರೇನಽ ಆತಲ್ಲಪ್ಪಾ! ನೀ ಗಂಗವ್ವಗ ಕೊಟ್ಟಿ. ಆಕಿ ನೀರು ಸರಿಸಿ ತಿರುಗಿ ಕೊಟ್ಟಾಳ. ನಿನ್ನ ಕೈ ಬಿಡಬ್ಯಾಡ್ರಿ ಅಂತ ಆಕಿನಽ ಕಳಿಸ್ಯಾಳ, ಅವು ನಿನ್ನ ಹುಡುಕ್ಕೊಂಡು ಬಂದಾವ."

ಜಂಬಣ್ಣ ಎತ್ತಿದ ಕೈಯನ್ನು ಹಾಗೇ ಜೋಡಿಸಿದರು. ಅಳತೊಡಗಿದರು. ತಾಳ ಮತ್ತೆ ಮೊಳಗಿತು. ಬುಟ್ಟಿ ಒಳಗೆ ಹೋಯಿತು, ಬರಿದಾಗಿದ್ದ ಹಲಗೆಗಳೆಲ್ಲ ತುಂಬಿದವು. ಜವಳಗೇರಾದ ಮನೆಮನೆಗೂ ಒಂದೊಂದು ಬೇಕೆಂದು ಹೇಳಿ ಟ್ರ್ಯಾಕ್ಟರ್ ಹೊರಟಿತು. ಚನ್ನವೀರನ ಮುಖ ನೋಡಲಾಗಲಿಲ್ಲ ನನಗೆ. ಒಂದೇ ಆಸೆ ಉಳಿದಿತ್ತು, ಅದು ದೀಪಿಕಾ ಮೇಡಂ.

ಅವರ ಎರಡೂ ಕೈಯಲ್ಲಿ ಸಾದಾ ಪೆನ್ನುಗಳ ಡಬ್ಬಿ ಇತ್ತು. ಕಣ್ಣು ಒದ್ದೆಯಾಗಿತ್ತು.

"ಇಂಥಾದ್ದು ಕಣ್ಣಾರೆ ಕಂಡದ್ದು ನಮ್ಮ ಪುಣ್ಯರಿ" ಎಂದು ಡಬ್ಬಿಯನ್ನು ಅವನತ್ತ ನೀಡಿದರು. "ಬೀಳ್ಕೊಡಾಕ ಇನ್ನೂ ವಾರ ಐತಿ. ಇವಕ್ಕ ಮ್ಯಾಲೊಂದೊಂದು ಲಿಂಗ ಕೂಡಿಸಿ ಕೊಡ್ರಿ. ಹುಡುಗರು ಜಲ್ಮಪೂರ್ತಿ ಜ್ವಾಕಿ ಮಾಡ್ತಾರ."

ಅವನು ಡಬ್ಬಿ ಇಸಿದುಕೊಂಡ. ಆಗಲಿ ಎಂದು ತಲೆ ಆಡಿಸಿದ. ಮೇಡಂ ಬಸ್ಸಿಗೆ ಹೋದ ಮೇಲೆ ನನಗೆ ತಡೆಯಲಾಗಲಿಲ್ಲ.

"ಯಾಕಲೇ, ಬಾಯಿಲ್ಲೇನು ನಿನಗ? ಆಗಂಗಿಲ್ಲ ಅಂತ ಹೇಳಬಾರದಿತ್ತೇನು?"

"ಏನಂತ ಹೇಳ್ಲಿ ಯಕ್ಕಾ? ಖರೇ ಇದ್ದದ್ದು ಹೇಳೇಬಿಟ್ಟೀನಲ್ಲ" ಎಂದ.

ಚಪ್ಪಲಿ ಬಿಟ್ಟು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಲೇತು ಶುರುವಾಯಿತು.